ತಿರುಗಿ ಕೂತ ಸಿಂಹ

ಮಾರ್ಚ್ ೩, ಸೋಮವಾರ

ಅಲ್ಲ, ಸಿಂಹ ಬಲಕ್ಕೆ ನೋಡಿದರೇನು, ಎಡಕ್ಕೆ ನೋಡಿದರೇನು ಅಂತ ಅಮ್ಮ ಕೇಳುತ್ತಾಳಲ್ಲ, ಅವಳಿಗೆ ಹೇಗೆ ಹೇಳುವುದು? ಇಡೀ ಸಿನಿಮಾ ನಿಂತಿರುವುದೇ ಆ ಸಿಂಹದ ಮೂತಿಯ ಮೇಲೆ. ಬಲಕ್ಕೆ ನೋಡುವ ಸಿಂಹ ರಾಜನ ಮನೆತನದ್ದು. ಎಡಕ್ಕೆ ನೋಡುವುದು ದಾಯಾದಿಗಳದ್ದು, ದ್ರೋಹಿಗಳದ್ದು. ಬಾವುಟ, ಗುರಾಣಿ, ಸಿಂಹಾಸನ, ಕೊನೆಗೆ ಊಟದ ತಟ್ಟೆಯಲ್ಲೂ ಬಲಕ್ಕೆ. ನಮ್ಮ ರಾಣಿ ತುಂಬಿದ ಸಭೆಯಲ್ಲಿ ಎದ್ದು ನಿಂತು ‘ಈ ಮನೆಗೆ ನಾನು ಎರಡು ಬಗೆಯುವುದಿಲ್ಲ’ ಅನ್ನುವಾಗ ಮಾತ್ರ, ಅವಳ ಹೆಗಲಿನ ಶಾಲಿನಲ್ಲಿ, ಹಾಳಾದ್ದು, ಸಿಂಹ ಎಡಕ್ಕೆ ನೋಡುತ್ತಿದೆ.

ಆ ಶಾಲಿಗೆ ಜರಿ ಕೆಲಸ ಆದದ್ದು ನಮ್ಮ ಮನೆಯ ಕೆಳಗಿರುವ ಅಪ್ಪನ ಕಾರ್ಖಾನೆಯಲ್ಲಿ.

ಈ ಸಿನಿಮಾದ ಅಭಿಮಾನಿಗಳು ಸೇರಿ ಮಾಡಿದ ಗ್ರೂಪು ‘ರಾಣಿ ಪಡೆ’. ಅದರಲ್ಲಿ ಮೊಂಡುಕತ್ತಿ ಅಂತ ಹೆಸರಿಟ್ಟುಕೊಂಡ ಒಬ್ಬ ಇದ್ದಾನೆ. ಹೋದ ವಾರ ಆ ಶಾಲಿನ ಫೋಟೋ ದೊಡ್ಡದು ಮಾಡಿ, ಸಿಂಹಕ್ಕೆ ಕೆಂಪು ಸುತ್ತು ಹಾಕಿ, ‘ಕಣ್ಣಿದ್ದೋರು ನೋಡ್ರಪ್ಪಾ! ರಾಣೀನೇ ದ್ರೋಹಿ! ಎರಡನೇ ಭಾಗದಲ್ಲಿ ಗೊತ್ತಾಗತ್ತೆ, ಬರೆದಿಟ್ಕೊಳ್ಳಿ’ ಅಂತ ಹಾಕಿದ. ಅಷ್ಟೇ, ಬೆಂಕಿ ಬಿತ್ತು. ಸೇನಾಪತಿ ಯಾಕೆ ಸತ್ತ, ದಾಸಿ ಯಾಕೆ ನಕ್ಕಳು, ಎಲ್ಲದಕ್ಕೂ ಈಗ ಆ ಸಿಂಹವೇ ಸಾಕ್ಷಿ. ‘ಸುಳಿವಲ್ಲ ಕಣ್ರೋ, ತಪ್ಪು! ಬರೀ ತಪ್ಪು!’ ಅಂತ ನಾನು ಟೈಪ್ ಮಾಡುವುದು, ಅಳಿಸುವುದು. ಕಾರ್ಖಾನೆಯ ಮಾತು ಹೊರಗೆ ಹೋಗಬಾರದು ಅಂತ ಅಪ್ಪ ಮಾತು ಕೊಟ್ಟಿದ್ದಾರೆ. ಬಾಯಿ ಹೊಲಿದುಕೊಂಡು ಕೂತರೆ ಹೊಟ್ಟೆ ಒಡೆದುಹೋಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ಮಾಡಿದ್ದು ಚಿಕ್ಕಪ್ಪ.

ನಮ್ಮಲ್ಲಿ ಚಿತ್ರವನ್ನು ತೆಳು ಹಾಳೆಯ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚುತ್ತಾರೆ. ಹಾಳೆಯನ್ನು ಬಟ್ಟೆಯ ಮೇಲೆ ಹಾಸಿ ಬಿಳಿ ಪುಡಿ ಒತ್ತಿದರೆ ಚುಕ್ಕಿ ಚುಕ್ಕಿಯಾಗಿ ಚಿತ್ರ ಕೆಳಗೆ ಇಳಿಯುತ್ತದೆ. ಚುಕ್ಕಿಯ ಮೇಲೆ ಜರಿ. ಹಾಳೆ ಮಗುಚಿ ಬಿದ್ದರೆ ಸಿಂಹವೂ ಮಗುಚಿಕೊಂಡಿತು ಅಂತಲೇ ಲೆಕ್ಕ. ಪುಡಿ ಮೆತ್ತಿದ ಹಾಳೆಯಲ್ಲಿ ಗೆರೆ ಕಾಣುವುದಿಲ್ಲ. ಬೆರಳಿಗೇ ಗೊತ್ತಾಗಬೇಕು: ಸೂಜಿ ಹೊಕ್ಕ ಬದಿ ನುಣುಪು, ಹೊರಬಂದ ಬದಿ ಒರಟು; ನುಣುಪು ಮೇಲೆ ಬರಬೇಕು. ಅಪ್ಪ ಯಾರದೋ ಜೊತೆ ಮಾತಾಡುತ್ತಾ, ಹಾಳೆಯ ಕಡೆ ನೋಡದೆ, ಒಮ್ಮೆ ಸವರಿ ಹಾಸಿಬಿಡುತ್ತಾರೆ. ಆ ಕೆಲಸ ಅವರದೇ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಚೌಕಟ್ಟಿನ ಸುತ್ತ ಕೂತವರು ಒಬ್ಬ ಬಾಲ, ಒಬ್ಬ ಪಂಜ, ಒಬ್ಬ ಜೂಲು ಅಂತ ತಮ್ಮ ತಮ್ಮ ತುಂಡು ತುಂಬುತ್ತಾರೆ. ಸಿಂಹ ಎತ್ತ ನೋಡಬೇಕು ಅಂತ ಅವರಿಗೇನು ಗೊತ್ತು?

ಇವತ್ತು ವಸ್ತ್ರವಿನ್ಯಾಸದ ಮೇಡಂ ಬಂದಿದ್ದರು. ಬಾಗಿಲಲ್ಲೇ ನಿಂತು, ‘ಹಾಳೆ ಹಾಸಿದ್ದು ಯಾರು? ನಂಗೆ ಹೆಸರು ಬೇಕು’ ಅಂದರು.

ಅಪ್ಪ ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ, ‘ನಾನೇ ಮೇಡಂ. ಅವತ್ತು ಅಣ್ಣ ಇರ್ಲಿಲ್ಲ. ಮಗುಚಿ ಹಾಕ್ಬಿಟ್ಟೆ’ ಅಂದ. ನಗುತ್ತಾ ಅಂದ! ಚಹಾ ಚೆಲ್ಲಿದವನ ಹಾಗೆ!

‘ಇನ್ನು ನನ್ನ ಕೆಲಸ ನಡೆಯೋ ಕಡೆ ಇವರು ಇರಕೂಡದು’ ಅಂದರು ಮೇಡಂ. ಅಪ್ಪ ತಲೆ ತಗ್ಗಿಸಿದರು. ನನ್ನ ಅಪ್ಪ, ಯಾರ ಮುಂದೆಯೂ ತಲೆ ತಗ್ಗಿಸದವರು. ಇವನಿಂದಾಗಿ.

ಮಾರ್ಚ್ ೪, ಮಂಗಳವಾರ

ಚಿಕ್ಕಪ್ಪ ತನ್ನ ಸೂಜಿ ಡಬ್ಬಿ ಮಾತ್ರ ಎತ್ತಿಕೊಂಡ. ಮೆಟ್ಟಿಲ ಹತ್ತಿರ ನಾನು ಅಡ್ಡ ನಿಂತೆ.

‘ಏನಮ್ಮ ಬಾಯಿಬಡುಕಿ, ಹಾರ ಹಾಕಿ ಕಳಿಸ್ತೀಯಾ?’

‘ಮುಟ್ಟಬೇಡ ಅಂದಿದ್ದನ್ನ ಯಾಕೆ ಮುಟ್ದೆ?’

‘ಕೈ ಕಡೀತಿತ್ತು.’

‘ನಗಾಡಬೇಡ ಚಿಕ್ಕಪ್ಪಾ! ಅಲ್ಲಿ ರಾಣೀನ ದ್ರೋಹಿ ಅಂತಿದ್ದಾರೆ!’

‘ಪಾಪ. ಸಂಜೆ ಊಟ ಬಿಟ್ಟಳೇನು ನಿನ್ನ ರಾಣಿ?’

ಇವನಿಗೆ ಯಾವುದೂ ದೊಡ್ಡದಲ್ಲ. ನಮ್ಮ ಸಿನಿಮಾದ ಸೇನಾಪತಿಯನ್ನು ನೋಡಿ ಕಲಿಯಬೇಕು ಇವನು. ರಾಜನಿಗೆ ಕಾಯಿಲೆ ಅಂತ ಹೊರಗೆ ಗೊತ್ತಾದರೆ ರಾಜ್ಯ ಹೋಗುತ್ತದೆ ಅಂತ, ಮಾಡದ ತಪ್ಪು ಹೊತ್ತು, ಒಂದು ಮಾತೂ ಆಡದೆ ನೇಣಿಗೆ ನಡೆದ. ಆ ದೃಶ್ಯಕ್ಕೆ ಪ್ರತಿ ಸಲವೂ ಅಳುತ್ತೇನೆ. ಅದು ನಿಷ್ಠೆ. ಇವನದು ಬರೀ ಹುಡುಗಾಟ.

ಮಾರ್ಚ್ ೮, ಶನಿವಾರ

ಚಿಕ್ಕಪ್ಪನ ಹೊಸ ಕೆಲಸ ನೋಡಿಕೊಂಡು ಬಂದೆ. ಪರದೆ ಅಂಗಡಿ. ಹಿಂದಿನ ಕೋಣೆಯಲ್ಲಿ, ಕಿಟಕಿಯೂ ಇಲ್ಲದ ಕಡೆ, ಕಿಟಕಿ ಪರದೆಗಳ ಅಂಚು ಮಡಚಿ ಹೊಲಿಯುತ್ತಾನೆ. ನವಿಲಿನ ಕತ್ತಿಗೆ ಜರಿ ಹಾಕಿದರೆ ಅದು ಈಗ ತಿರುಗುತ್ತದೆ ಅನ್ನಿಸುವ ಹಾಗೆ ಹಾಕುತ್ತಿದ್ದ ಕೈ ಅದು.

‘ನಿನ್ನ ಅಪ್ಪ ಹೇಗಿದ್ದಾನೆ?’

‘ನಿನಗ್ಯಾಕೆ?’

‘ಊಟ ಸರಿಯಾಗಿ ಮಾಡ್ತಾನಾ? ಸಿಹಿ ಗಿಹಿ ಕದ್ದು ತಿಂತಾನಾ?’

‘ತಲೆ ಎತ್ತಿ ಓಡಾಡ್ತಿಲ್ಲ. ನಿನ್ನ ಕೃಪೆ.’

ದಾರವನ್ನು ಹಲ್ಲಿನಿಂದ ಕಡಿದ. ನಗಲಿಲ್ಲ. ‘ಕೆಳಗೆ ಹೋಗಿ ಅವನ ಹತ್ರ ಸ್ವಲ್ಪ ಕೂತ್ಕೋ ಮರಿ. ಆ ಫೋನು ಎತ್ಲಾಗಾದ್ರೂ ಬಿಸಾಕಿ’ ಅಂದ. ನನಗೇ ಬುದ್ಧಿವಾದ! ಮೈ ಉರಿದುಹೋಯಿತು. ಎದ್ದು ಬಂದೆ.

ಮಾರ್ಚ್ ೧೩, ಗುರುವಾರ

ಎರಡನೇ ಭಾಗದ ಕೆಲಸ ನಮಗೇ ಬಂದಿದೆ! ಪಟ್ಟಾಭಿಷೇಕದ ನಿಲುವಂಗಿ! ಬೆನ್ನ ತುಂಬ ಸಿಂಹ! ಗ್ರೂಪಿನಲ್ಲಿ ಹೇಳಿದರೆ ಅರ್ಧ ಜನ ಪ್ರಜ್ಞೆ ತಪ್ಪುತ್ತಾರೆ. ಆದರೆ ನಾನು ಬರೆಯಬೇಕೆಂದಿದ್ದು ಅದಲ್ಲ.

ಅಪ್ಪನಿಗೆ ನೀರು ಕೊಡಲು ಕೆಳಗೆ ಹೋಗಿದ್ದೆ. ಒಬ್ಬರೇ ಕೂತು, ಭುಜದಿಂದ ಫೋನನ್ನು ಕಿವಿಗೆ ಒತ್ತಿಕೊಂಡು, ಯಾರಿಗೋ ಜರಿಯ ಬಣ್ಣ ಹೇಳುತ್ತಾ, ಬಿಳಿ ಸ್ಯಾಟಿನ್ನಿನ ಮೇಲೆ ಮಾದರಿ ಹೊಲಿಯುತ್ತಿದ್ದರು. ಬಟ್ಟೆಯ ಮೇಲೆ ಕೆಂಪು ಹೂವು ಅರಳುತ್ತಿತ್ತು. ಅರೆ, ಸ್ಕೆಚ್ಚಿನಲ್ಲಿ ಕೆಂಪು ಇರಲಿಲ್ಲವಲ್ಲ ಅಂದುಕೊಂಡೆ.

ಸೂಜಿ ಅಪ್ಪನ ಬೆರಳಲ್ಲಿತ್ತು. ಬೆರಳಿನ ಒಳಗೆ. ಈ ಕಡೆಯಿಂದ ಹೊಕ್ಕು ಆ ಕಡೆ ತುದಿ ಕಾಣುತ್ತಿತ್ತು. ಅಪ್ಪ ‘ಹಳದಿ ಅಲ್ಲ, ಹಳೇ ಹಿತ್ತಾಳೆ ಇರತ್ತಲ್ಲ, ಅದು’ ಅನ್ನುತ್ತಿದ್ದರು.

‘ಅಪ್ಪಾ, ಬೆರಳು!’

ನೋಡಿಕೊಂಡರು. ನೋವಾದವರ ಹಾಗಲ್ಲ, ಸಿಕ್ಕಿಬಿದ್ದವರ ಹಾಗೆ. ಸೂಜಿ ಎಳೆದು, ಬಟ್ಟೆ ಮುದ್ದೆ ಮಾಡಿ ಕಾಲ ಕೆಳಗೆ ತಳ್ಳಿ, ‘ಏನೂ ಇಲ್ಲ, ಹೋಗು’ ಅಂದರು.

ಮಾರ್ಚ್ ೧೪, ಶುಕ್ರವಾರ

ಅಮ್ಮನಿಗೆ ಗೊತ್ತಿತ್ತು. ಅಮ್ಮನಿಗೆ ಮೊದಲಿನಿಂದಲೂ ಗೊತ್ತಿತ್ತು!

‘ಸಕ್ಕರೆ ಕಾಯಿಲೆ ಕಣೆ. ಬೆರಳ ತುದಿ ಜೋಮು ಹಿಡಿದ ಹಾಗಂತೆ. ಬಿಸಿ ಲೋಟ ಹಿಡಿದ್ರೂ ತಿಳಿಯಲ್ಲ.’

‘ಯಾವಾಗಿಂದ?’

‘ಆಯ್ತು ಬಹಳ ದಿನ.’

‘ಶಾಲು ಮಾಡೋ ಮುಂಚೆನಾ?’

ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಹೆಚ್ಚಿದಳು, ಹೆಚ್ಚಿದಳು, ಒಬ್ಬೊಬ್ಬರ ತಟ್ಟೆಗೆ ಬೆಟ್ಟದಷ್ಟಾಗುವಷ್ಟು ಹೆಚ್ಚಿದಳು.

‘ಅಮ್ಮಾ. ಹಾಳೆ ಹಾಸಿದ್ದು ಅಪ್ಪ ಅಲ್ವಾ?’

‘ಮನೆ ಮಾತು ಮನೇಲಿರಲಿ.’

‘ಚಿಕ್ಕಪ್ಪನೂ ಮನೇನೇ ಅಲ್ವಾ?’

‘ಅವನಾಗೇ ಹೊತ್ಕೊಂಡ. ಯಾರೂ ಹೊರು ಅನ್ಲಿಲ್ಲ. ಬೆರಳು ಹೋಯ್ತು ಅಂತ ಗೊತ್ತಾದ್ರೆ ನಿಮ್ಮಪ್ಪಂಗೆ ಯಾರೇ ಕೆಲಸ ಕೊಡ್ತಾರೆ? ಈ ಮನೆ ನಿಂತಿರೋದು ಅವರ ಹೆಸರ ಮೇಲೆ.’

‘ಬೇಡ ಅಂತಾದ್ರೂ ಅಂದ್ರಾ ಅಪ್ಪ?’

‘ಸುಮ್ನಿರೆ ಸ್ವಲ್ಪ!’

ಸುಮ್ಮನಿರು. ಈ ಮನೆಯ ಬಾವುಟದಲ್ಲಿ ಸಿಂಹ ಬೇಡ, ಇದನ್ನೇ ಜರಿಯಲ್ಲಿ ಹಾಕಿಸಬೇಕು. ಪರದೆ ಅಂಗಡಿಗೆ ಹೋಗಿ ಅವನ ಮುಖಕ್ಕೇ ಚುಚ್ಚಿ ಬಂದೆನಲ್ಲ, ಅವನಾದರೂ ಒಂದು ಮಾತು ಹೇಳಬಾರದಿತ್ತೇ? ಎಲ್ಲರ ಮೇಲೂ ಸಿಟ್ಟು ಬರುತ್ತಿದೆ. ಎದುರಿಗಿರುವ ಗೋಡೆಯ ಮೇಲೂ.

ಮಾರ್ಚ್ ೨೨, ಶನಿವಾರ

ಅಪ್ಪ ಕರೆದು ನನ್ನ ಕೈಗೆ ಚುಚ್ಚಿದ ಹಾಳೆ ಕೊಟ್ಟರು. ಬಾಗಿಲು ಹಾಕಿಸಿದರು.

‘ಕಣ್ಣು ಮುಚ್ಚು. ಯಾವ ಬದಿ?’

‘ಇದು ಒರಟು.’

‘ಪೂರ್ತಿ ಕೈ ಬೇಡ, ತೋರುಬೆರಳು ಸಾಕು. ಒತ್ತಬೇಡ, ಬೆಕ್ಕಿನ ಬೆನ್ನು ಸವರೋ ಹಾಗೆ. ಈಗ?’

‘ನುಣುಪು.’

‘ಹೂಂ.’ ಆಮೇಲೆ ಮೆಲ್ಲಗೆ, ‘ಇನ್ಮೇಲೆ ನೀನೇ ಹಾಸ್ಕೊಡು ಪುಟ್ಟಿ. ಬೇರೆಯೋರು ಬರೋ ಮುಂಚೆ. ಯಾರಿಗೂ ಹೇಳ್ಬೇಡ.’

‘ಚಿಕ್ಕಪ್ಪಂಗೆ ನೀವು ಏನು ಹೇಳಿದ್ರಿ ಅಪ್ಪಾ?’ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಯಾಕೆಂದರೆ ಅಪ್ಪ ನನಗೆ ಹಾಳೆ ಕೊಟ್ಟಿದ್ದು ಇದೇ ಮೊದಲು. ನನ್ನ ಮೇಲೇ ನನಗೆ ಸಿಟ್ಟು.

ಮಾರ್ಚ್ ೨೭, ಗುರುವಾರ

ಕಾಲರು ಹಾಸಿದೆ. ಬಳ್ಳಿ ಅಂಚು ಹಾಸಿದೆ. ಮಖಮಲ್ಲಿನ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ. ಅದರ ವಿರುದ್ಧ ಒತ್ತಿದರೆ ಪುಡಿ ನಿಲ್ಲುವುದಿಲ್ಲ, ರೋಮದ ಜೊತೆಗೇ ಹೋಗಬೇಕು. ಬಾಲ ಹೊಲಿಯುವವರು ನನ್ನ ಚುಕ್ಕಿ ನೋಡಿ, ‘ನಿಮ್ಮಪ್ಪಂಗೆ ವಯಸ್ಸಾದ ಹಾಗೆ ಕೈ ಹದ ಆಗ್ತಿದೆ’ ಅಂದರು. ಅಪ್ಪ ಕೆಮ್ಮಿದರು.

ಏಪ್ರಿಲ್ ೨, ಬುಧವಾರ

ಮೊಂಡುಕತ್ತಿ ಖಾಸಗಿಯಾಗಿ ಬರೆದಿದ್ದಾನೆ: ‘ಎಲ್ಲಿ ಸತ್ತೆ ಮಾರಾಯ್ತಿ? ಸೇನಾಪತಿ ದಿನಕ್ಕೆ ಎಲ್ರೂ ಅವನ ಫೋಟೋ ಹಾಕ್ತಿದ್ದೀವಿ, ನಿಂದು ಕಾಣ್ಲಿಲ್ಲ.’

ನಿನ್ನೆ ಆ ದೃಶ್ಯ ಮತ್ತೆ ನೋಡಿದೆ. ಅಳು ಬರಲಿಲ್ಲ. ಆ ರಾಜ ಕಿಟಕಿಯಲ್ಲಿ ನಿಂತು ಕಣ್ಣೀರು ಒರೆಸಿಕೊಳ್ಳುತ್ತಾನಲ್ಲ, ಅಯ್ಯಾ, ಕೆಳಗಿಳಿದು ಬಂದು ‘ಬಿಡ್ರೋ ಅವನನ್ನ’ ಅನ್ನೋಕೆ ಏನಾಗಿತ್ತು ನಿನಗೆ? ಕಾಯಿಲೆ ಇದ್ದದ್ದು ಎದೆಗೆ ತಾನೆ, ಬಾಯಿಗಲ್ಲವಲ್ಲ? ಇದನ್ನೇ ಗ್ರೂಪಿನಲ್ಲಿ ಹಾಕಿದೆ. ಹಿಗ್ಗಾಮುಗ್ಗಾ ಬೈದರು. ಉತ್ತರ ಕೊಡಲಿಲ್ಲ. ನಾಳೆ ಬೆನ್ನಿನ ಸಿಂಹ ಹಾಸಬೇಕು, ಬೇಗ ಮಲಗಬೇಕು.

ಏಪ್ರಿಲ್ ೯, ಬುಧವಾರ

ಇವತ್ತಿನದನ್ನು ಇವತ್ತೇ ಬರೆದಿಡಬೇಕು. ಅಕ್ಷರ ಕೆಟ್ಟರೆ ಕೆಡಲಿ.

ಬೆನ್ನಿನ ಸಿಂಹ ಚುಕ್ಕಿಯಲ್ಲಿ ಸಿದ್ಧವಾಗಿತ್ತು, ಜರಿ ಇನ್ನೂ ಮುಟ್ಟಿರಲಿಲ್ಲ. ಮೇಡಂ ನೋಡಲು ಬಂದರು. ಎಲ್ಲರೂ ಚೌಕಟ್ಟಿನ ಸುತ್ತ ಇದ್ದರು. ಮೇಡಂ ಬಗ್ಗಿ ನೋಡಿ, ‘ಆಹಾ, ಮಾಸ್ಟ್ರ ಕೈ ಅಂದ್ರೆ ಮಾಸ್ಟ್ರ ಕೈನೇ’ ಅಂದರು. ಅಪ್ಪ ನಕ್ಕರು. ಅದನ್ನೂ ನುಂಗಿಕೊಂಡೆ.

‘ಆದ್ರೆ ಒಂದು ಬದಲಾವಣೆ. ಸಿಂಹ ಎಡಕ್ಕೆ ನೋಡ್ಬೇಕು.’

‘ಎಡಕ್ಕಾ?’ ಅಂದರು ಅಪ್ಪ.

‘ಆ ಶಾಲಿನ ಗಲಾಟೆ ನಿರ್ದೇಶಕರ ಕಿವಿಗೂ ಬಿತ್ತು. ಅವರಿಗೆ ಬಹಳ ಹಿಡಿಸ್ಬಿಟ್ಟಿದೆ. ರಾಣೀನೇ ದ್ರೋಹಿ ಅಂತ ಕಥೆ ತಿದ್ದಿದ್ದಾರೆ. ಮೊದಲನೇ ಭಾಗದಲ್ಲೇ ಸುಳಿವು ಇಟ್ಟಿದ್ವಿ ಅಂತ ಈಗ ಎಲ್ಲ ಕಡೆ ಹೇಳ್ಕೊಂಡು ಓಡಾಡ್ತಿದ್ದಾರೆ.’ ನಕ್ಕರು. ‘ಒಂದು ತರದಲ್ಲಿ ಒಳ್ಳೇದೇ ಆಯ್ತು ನೋಡಿ.’

ಅದಕ್ಕೆ ಅಪ್ಪ ಏನಂದರು ಗೊತ್ತಾ? ‘ಅದಕ್ಕೇನು ಮೇಡಂ, ಒರೆಸಿ, ಹಾಳೆ ಮಗುಚಿ ಹಾಕಿದ್ರಾಯ್ತು.’

ಮಗುಚಿ ಹಾಕಿದ್ರಾಯ್ತು. ಅಷ್ಟೇನಾ? ಅದೇ ಮಾತಿಗೆ ಒಬ್ಬ ಮನುಷ್ಯ ಕಿಟಕಿಯಿಲ್ಲದ ಕೋಣೆಯಲ್ಲಿ ಪರದೆ ಅಂಚು ಹೊಲಿಯುತ್ತಿದ್ದಾನೆ.

‘ಹಾಗಾದ್ರೆ ನಮ್ಮ ಚಿಕ್ಕಪ್ಪ ಮಾಡಿದ ತಪ್ಪೇನು?’ ಅಂದೆ.

‘ಪುಟ್ಟೀ.’

‘ಇಲ್ಲ ಅಪ್ಪಾ, ಹೇಳ್ತೀನಿ. ಇದನ್ನ ಹಾಸಿದ್ದು ನಾನು ಮೇಡಂ. ಕಾಲರ್ ಹಾಸಿದ್ದೂ ನಾನೇ. ಅಪ್ಪಂಗೆ ಬೆರಳಲ್ಲಿ ಸ್ಪರ್ಶ ಇಲ್ಲ. ಆ ಶಾಲು ಮಗುಚಿ ಹಾಕಿದ್ದು ಚಿಕ್ಕಪ್ಪ ಅಲ್ಲ, ಅಪ್ಪ.’

ಸೂಜಿ ಬಿದ್ದರೂ ಕೇಳಿಸುವ ಮೌನ ಅನ್ನುತ್ತಾರಲ್ಲ, ಬಾಲದವರ ಸೂಜಿ ನಿಜವಾಗಿಯೂ ಬಿತ್ತು. ಯಾರೂ ಹುಡುಕಲಿಲ್ಲ. ಅಪ್ಪ ತಮ್ಮ ಎರಡೂ ಕೈ ನೋಡಿಕೊಂಡರು. ಆಮೇಲೆ ಜೇಬಿಗೆ ಹಾಕಿಕೊಂಡರು.

ಕೆಲಸ ಹೋಯಿತು ಅಂದುಕೊಂಡೆ. ಹೋಗಲಿ ಅಂತಲೂ ಅಂದುಕೊಂಡೆ.

ಮೇಡಂ ಗಡಿಯಾರ ನೋಡಿದರು! ‘ನೋಡಮ್ಮ, ಯಾರು ಹಾಸಿದ್ರೆ ನಂಗೇನು? ಅವತ್ತು ಮೇಲಿನವರಿಗೆ ಒಂದು ಹೆಸರು ಕೊಡ್ಬೇಕಿತ್ತು, ನಿಮ್ಮ ಚಿಕ್ಕಪ್ಪ ಕೊಟ್ರು. ಈಗ ಕರ್ಸ್ಕೊಳ್ಳಿ ಬೇಕಾದ್ರೆ. ನಿಲುವಂಗಿ ಮಾತ್ರ ಹೇಳಿದ ದಿನಕ್ಕೆ ಬೇಕು.’

ಹೋದರು. ಇಷ್ಟೇನಾ? ಇಷ್ಟಕ್ಕೇ ಹೆದರಿ ಇಡೀ ಮನೆ ಉಸಿರು ಬಿಗಿಹಿಡಿದು ಕೂತಿತ್ತಾ? ಅವತ್ತೇ ಅಪ್ಪ ‘ನಾನೇ’ ಅಂದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅದು ಇನ್ನು ಯಾರಿಗೂ ಗೊತ್ತಾಗುವುದೂ ಇಲ್ಲ.

ಏಪ್ರಿಲ್ ೧೦, ಗುರುವಾರ

ಅಪ್ಪ ಮಾತಾಡುತ್ತಿಲ್ಲ. ಅಮ್ಮ ಮಾತಾಡುತ್ತಾಳೆ, ಪಾತ್ರೆಗಳ ಜೊತೆ.

ಏಪ್ರಿಲ್ ೧೨, ಶನಿವಾರ

ಮಧ್ಯಾಹ್ನ ಚಿಕ್ಕಪ್ಪ ಬಂದ. ಕಾರ್ಖಾನೆಯ ಕಡೆ ನೋಡದೆ ನೇರ ಮೇಲೆ ಹತ್ತಿದ. ನಾನು, ನಿಜ ಹೇಳಬೇಕೆಂದರೆ, ಬಹುಮಾನ ಕೊಡುತ್ತಾರೇನೋ ಅನ್ನುವ ಹಾಗೆ ಎದ್ದು ನಿಂತೆ.

‘ಯಾರು ಕೇಳಿದ್ರು ನಿನ್ನ?’ ಅಂದ.

‘ನಿನ್ನ ಹೆಸರು ಕೆಟ್ಟಿತ್ತು ಚಿಕ್ಕಪ್ಪಾ.’

‘ನನ್ನ ಹೆಸರು, ನಾನು ಕೊಟ್ಟೆ. ವಸೂಲಿ ಮಾಡ್ಕೊಂಡು ಬಾ ಅಂತ ನಿನ್ನ ಕಳ್ಸಿದ್ನಾ?’ ಇಷ್ಟು ವರ್ಷದಲ್ಲಿ ಅವನು ನನ್ನ ಮೇಲೆ ಕೂಗಿದ್ದು ಇದೇ ಮೊದಲು. ‘ಕೇಳು. ಆ ಸಿಂಹ ಅರ್ಧ ಆಗಿದ್ದಾಗ್ಲೇ ನಾನು ನೋಡ್ದೆ. ತಿರುಗಿ ಕೂತಿದೆ ಅಂತ ಗೊತ್ತಾಯ್ತು.’

‘ಮತ್ತೆ ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ಬಿಚ್ಚಬೇಕು. ಬಿಚ್ಚಿದ್ರೆ ಎಲ್ರೂ ಯಾಕೆ ಅಂತ ಕೇಳ್ತಾರೆ. ಸಿಂಹ ಸಿಂಹಾನೇ, ಯಾರು ನೋಡ್ತಾರೆ ಅಂದ್ಕೊಂಡೆ. ನಿನ್ನಂಥ ಹುಚ್ಚರು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿರ್ತಾರೆ ಅಂತ ನಂಗೇನು ಗೊತ್ತು? ಹಾಸಿದ್ದು ಅವನ ತಪ್ಪು, ಬಿಟ್ಟಿದ್ದು ನನ್ನ ತಪ್ಪು. ಅದಕ್ಕೇ ಹೋದೆ.’

‘ಹಾಗಂತ ಅಪ್ಪ ಸುಮ್ನೆ ನಿಂತಿರ್ಬೇಕಿತ್ತಾ?’

‘ಅಣ್ಣಂಗೆ ಆ ಬೆರಳು ಬಿಟ್ರೆ ಬೇರೇನಿತ್ತು ಹೇಳು? ಅದನ್ನ ಅವನ ಕೈಕೆಳಗಿನೋರ ಮುಂದೆ ಕತ್ತರಿಸಿ ಇಟ್ಟೆಯಲ್ಲೇ! ನಂಗೋಸ್ಕರ ಅಂತ ಮಾತ್ರ ಹೇಳ್ಬೇಡ. ಸಿಟ್ಟಿಗೆ ಹೇಳ್ದೆ ನೀನು.’

‘ಹೂಂ, ಸಿಟ್ಟಿಗೇ ಹೇಳ್ದೆ! ನಿಮಗೆ ಯಾರಿಗೂ ಬರ್ಲಿಲ್ವಲ್ಲ, ನಂಗೆ ಬಂತು!’

‘ಅವನಾಗೇ ಹೇಳ್ತಿದ್ದ ಕಣೆ. ಒಂದಿನ ಹೇಳ್ತಿದ್ದ.’

‘ಯಾವತ್ತು?’

ಚಿಕ್ಕಪ್ಪ ಕಾಲಿನಿಂದ ಚಾಪೆಯ ಅಂಚು ನೇರ ಮಾಡಿದ.

ಆಗ ಮೆಟ್ಟಿಲ ಕೆಳಗಿನಿಂದ ಅಪ್ಪನ ದನಿ ಬಂತು. ಹೆಸರು ಹಿಡಿಯಲಿಲ್ಲ, ಯಾರನ್ನೂ ಕರೆಯಲಿಲ್ಲ, ಗಾಳಿಗೆ ಹೇಳಿದ ಹಾಗೆ: ‘ನಿಲುವಂಗಿ ತೋಳು ಹಾಸೋದಿದೆ.’

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಕದಲಲಿಲ್ಲ. ಚಿಕ್ಕಪ್ಪ ಅಂಗಿಯ ತೋಳು ಮಡಚಿಕೊಂಡು ಇಳಿದುಹೋದ. ಈಗ ಇಬ್ಬರೂ ಕೆಳಗಿದ್ದಾರೆ. ಚೌಕಟ್ಟು ಎಳೆಯುವ ಸದ್ದು ಮಾತ್ರ ಬರುತ್ತಿದೆ.

ಅಮ್ಮ ಬಂದು, ‘ಹೋಗು, ಅಪ್ಪನ ಹತ್ರ ತಪ್ಪಾಯ್ತು ಅಂತ ಒಂದು ಮಾತು ಅನ್ನು, ಎಲ್ಲ ಸರಿಹೋಗತ್ತೆ’ ಅಂದಳು. ಅನ್ನುವುದಿಲ್ಲ ಅಂದೆ. ನಿನ್ನ ನಾಲಿಗೆಗೆ ಮೂಳೆ ಇಲ್ಲ ಅಂದಳು. ನಿಮ್ಮೆಲ್ಲರ ನಾಲಿಗೇಲಿ ಬರೀ ಮೂಳೆನೇ ಇದೆ, ಅದಕ್ಕೇ ಅಲ್ಲಾಡಲ್ಲ ಅಂದೆ. ಬಾಗಿಲು ಬಡಿದುಕೊಂಡು ಹೋದಳು.

ಅಪ್ಪ ಜೇಬಿಗೆ ಕೈ ಹಾಕಿಕೊಂಡದ್ದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ, ಅದು ಬೇರೆ ಮಾತು. ಆದರೂ ಕೇಳುತ್ತೇನೆ. ಕೊಟ್ಟವನಿಗೆ ವಾಪಸ್ ಬೇಡ, ತೆಗೆದುಕೊಂಡವರು ತಲೆ ಎತ್ತಲಿಲ್ಲ, ನೋಡಿದವಳು ತರಕಾರಿ ಹೆಚ್ಚಿದಳು, ಕೊನೆಗೆ ಬಾಯಿ ಬಿಟ್ಟವಳೇ ಮನೆ ಮುರುಕಿ. ಆಗಲಿ. ಕ್ಷಮೆ ಕೇಳಬೇಕಾದವಳು ನಾನೇ ಅನ್ನುವವರು ಯಾರೇ ಇರಲಿ, ಎದುರಿಗೆ ಬಂದು ಇದೊಂದಕ್ಕೆ ಉತ್ತರ ಕೊಟ್ಟು ಹೋಗಿ: ಈ ಮೂವರಲ್ಲಿ ಒಬ್ಬರಾದರೂ ಮಾತಾಡಲಿ ಅಂತ ನೀವಾಗಿದ್ದರೆ ಎಷ್ಟು ದಿನ ಕಾಯುತ್ತಿದ್ದಿರಿ?